ಪೋಷಣೆಯ ತಪಾಸಣೆಯಲ್ಲಿ ಅಂಕ ಬರೆದ ಮೇಲೆ ರೋಗಿಗೆ ಊಟ ಮಾಡಿಸುವ ಹೊಣೆ ಯಾರದು?

ಪ್ರಶ್ನೆ: ಮೆಡಿಸಿನ್ ವಾರ್ಡಿನ ಸ್ಟಾಫ್ ನರ್ಸ್

ವಯಸ್ಸಾದ ರೋಗಿಗಳೇ ಹೆಚ್ಚಾಗಿರುವ ಮೆಡಿಸಿನ್ ವಾರ್ಡಿನಲ್ಲಿ ನಾನು ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ದಾಖಲಾದ 24 ಗಂಟೆಯೊಳಗೆ ಪ್ರತಿ ರೋಗಿಯ ಪೋಷಣೆಯ ಸ್ಥಿತಿಯನ್ನು ಅಪೌಷ್ಟಿಕತೆಯ ಅಪಾಯವನ್ನು ಅಂಕಗಳಲ್ಲಿ ಅಳೆಯುವ 'ಮಸ್ಟ್' ನಮೂನೆಯಲ್ಲಿ ತಪಾಸಣೆ ಮಾಡಿ ಅಂಕ ಬರೆದಿಡಬೇಕೆಂಬ ನಿಯಮ ನಮ್ಮಲ್ಲಿದೆ ಮತ್ತು ಅದನ್ನು ನಾವು ತಪ್ಪದೆ ಪಾಲಿಸುತ್ತೇವೆ. ಆದರೂ ಈಚೆಗೆ ನಡೆದ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಅನುಭವಸ್ಥರ ಸಲಹೆ ಸಿಗಬಹುದೆಂಬ ಆಸೆಯಿಂದ ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

78 ವರ್ಷದ ಮಹಿಳೆಯೊಬ್ಬರು ಶ್ವಾಸಕೋಶದ ಸೋಂಕಿನಿಂದ ದಾಖಲಾದರು. ಎತ್ತರ 160 ಸೆಂಟಿಮೀಟರ್, ತೂಕ 52 ಕಿಲೋ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 20.3. ದಾಖಲು ಮಾಡಿಕೊಂಡವಳು ನಾನೇ. ಬಿಎಂಐ ಇಪ್ಪತ್ತಕ್ಕಿಂತ ಮೇಲಿದ್ದುದರಿಂದ ಅದಕ್ಕೆ ಸೊನ್ನೆ ಹಾಕಿದೆ. ಹಿಂದಿನ ತೂಕ ಎಷ್ಟಿತ್ತೆಂದು ಅವರಿಗೆ ನೆನಪಿರಲಿಲ್ಲವಾದ್ದರಿಂದ ತೂಕ ಇಳಿಕೆಯ ಕಾಲಮ್ಮಿಗೂ ಸೊನ್ನೆ ಹಾಕಿದೆ. ಒಟ್ಟು ಅಂಕ ಸೊನ್ನೆ, ಅಂದರೆ ಅಪಾಯ ಕಡಿಮೆ ಎಂದಾಯಿತು. ಒಂಬತ್ತನೆಯ ದಿನ ಅವರ ಮಗಳು ಬಂದು ತಾಯಿಯ ಕೈ ಹಿಡಿದುಕೊಂಡಾಗ ಬೆರಳಿನಲ್ಲಿದ್ದ ಉಂಗುರ ತಾನಾಗಿಯೇ ಜಾರಿ ಹೊದಿಕೆಯ ಮೇಲೆ ಬಿತ್ತು. ಅದರ ಒಳಬದಿಗೆ ದಪ್ಪವಾಗಿ ದಾರ ಸುತ್ತಿದ್ದರು. ನಾಲ್ಕು ತಿಂಗಳ ಹಿಂದೆ ತಾಯಿ 58 ಕಿಲೋ ಇದ್ದರೆಂದೂ, ಉಂಗುರ ಸಡಿಲವಾಗತೊಡಗಿದ ಮೇಲೆ ದಾರ ಸುತ್ತಿಕೊಂಡರೆಂದೂ ಮಗಳು ಹೇಳಿದರು. ಅಂದೇ ಮತ್ತೆ ತೂಗಿ ನೋಡಿದಾಗ 49.5 ಕಿಲೋ ಇತ್ತು.

ಒಂಬತ್ತು ದಿನಗಳ ದಾಖಲೆಯನ್ನು ತಿರುವಿ ನೋಡಿದೆ. ಮೂರು ಹೊತ್ತೂ 'ಆಹಾರ ಕೊಡಲಾಗಿದೆ' ಎಂದು ಬರೆದಿದೆ, ಅದರಲ್ಲಿ ಕೆಲವು ಸಾಲುಗಳು ನನ್ನ ಕೈಬರಹದಲ್ಲೇ ಇವೆ. ನಿಜವೇನೆಂದರೆ ತಟ್ಟೆ ಬರುತ್ತಿತ್ತು, ಹಾಸಿಗೆಯ ಕಾಲಬದಿಯ ಮೇಜಿನ ಮೇಲೆ ಕೂರುತ್ತಿತ್ತು, ಒಂದು ಗಂಟೆಯ ಬಳಿಕ ಹಾಗೆಯೇ ಹಿಂದಕ್ಕೆ ಹೋಗುತ್ತಿತ್ತು. ಅವರ ಬಲಗೈಗೆ ಡ್ರಿಪ್ ಹಾಕಿತ್ತು, ಎಡಗೈಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಮುಚ್ಚಳ ತೆಗೆಯಲು ಅವರಿಂದ ಸಾಧ್ಯವಿರಲಿಲ್ಲ. ಯಾರನ್ನೂ ಕರೆದು ತೊಂದರೆ ಕೊಡಬಾರದೆಂಬ ಸ್ವಭಾವದವರು, ಕೇಳಿದಾಗಲೆಲ್ಲ 'ಸಾಕಾಯಿತು' ಎನ್ನುತ್ತಿದ್ದರು.

ನಾನು ತಿಳಿಯಬಯಸುವುದು ಇಷ್ಟು. ಬಿಎಂಐ ಸರಿಯಿದ್ದರೂ ಅಪಾಯವಿರುವವರನ್ನು ಮೊದಲ ದಿನವೇ ಗುರುತಿಸುವುದು ಹೇಗೆ? ಗುರುತಿಸಿದ ಮೇಲೆ, ಒಂದು ಶಿಫ್ಟಿನಲ್ಲಿ ಮೂವರೇ ಇರುವ ವಾರ್ಡಿನಲ್ಲಿ, ಕೈಯಾರೆ ಉಣಿಸಬೇಕಾದ ಎಂಟು ಹತ್ತು ಜನರನ್ನು ನಿಭಾಯಿಸುವುದು ಹೇಗೆ? ಇನ್ನೊಂದು ಆತಂಕವೂ ಇದೆ: ಈಗ ಅವರಿಗೆ ತುತ್ತು ಕೊಟ್ಟರೆ ನಡುನಡುವೆ ಕೆಮ್ಮು ಬರುತ್ತಿದೆ, ಮತ್ತು ಇಷ್ಟು ದಿನ ಹೊಟ್ಟೆಗಿಲ್ಲದವರಿಗೆ ಒಮ್ಮೆಲೇ ಹೆಚ್ಚು ಕೊಡಬಾರದೆಂದು ಕಿರಿಯ ವೈದ್ಯರೊಬ್ಬರು ಎಚ್ಚರಿಸಿದ್ದಾರೆ.

ಉತ್ತರ 1: ವಾರ್ಡ್ ಉಸ್ತುವಾರಿ ನರ್ಸ್

ತಮ್ಮ ಕೈಬರಹವನ್ನು ತಾವೇ ಗುರುತಿಸಿ ಒಪ್ಪಿಕೊಂಡಿದ್ದೀರಿ. ಸರಿಪಡಿಸುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ, ಆದ್ದರಿಂದ ನಾನೂ ನೇರವಾಗಿಯೇ ಬರೆಯುತ್ತೇನೆ.

ಮೊದಲು ಲೆಕ್ಕವನ್ನು ನೋಡೋಣ. 58 ಕಿಲೋ ಇದ್ದವರು ನಾಲ್ಕು ತಿಂಗಳಲ್ಲಿ 52ಕ್ಕೆ ಇಳಿದಿದ್ದರೆ ಕಳೆದುಕೊಂಡದ್ದು 6 ಕಿಲೋ, ಅಂದರೆ ಶೇಕಡಾ 10.3. ಮಸ್ಟ್ ನಮೂನೆಯಲ್ಲಿ ಮೂರರಿಂದ ಆರು ತಿಂಗಳೊಳಗೆ ಉದ್ದೇಶವಿಲ್ಲದೆ ಶೇಕಡಾ 5ರಿಂದ 10ರಷ್ಟು ತೂಕ ಇಳಿದಿದ್ದರೆ ಒಂದು ಅಂಕ, 10ಕ್ಕಿಂತ ಹೆಚ್ಚಾಗಿದ್ದರೆ ಎರಡು. ಒಟ್ಟು ಎರಡು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಹೆಚ್ಚು ಎಂದೇ ಅರ್ಥ. ಆಕೆ ಬಾಗಿಲೊಳಗೆ ಕಾಲಿಟ್ಟ ದಿನವೇ ಹೆಚ್ಚಿನ ಅಪಾಯದ ಗುಂಪಿನಲ್ಲಿದ್ದರು, ಅವರ ಬಿಎಂಐ ಮಾತ್ರ ಅದನ್ನು ಮರೆಮಾಡಿತ್ತು. ಬಿಎಂಐ ಒಂದು ದಿನದ ಚಿತ್ರವನ್ನಷ್ಟೇ ಕೊಡುತ್ತದೆ, ದೇಹ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಹೇಳುವುದು ತೂಕದ ಇತಿಹಾಸ. ದಪ್ಪಗಿದ್ದವರ ವಿಷಯದಲ್ಲಂತೂ ಇದು ಇನ್ನೂ ಸುಲಭವಾಗಿ ಕಣ್ತಪ್ಪುತ್ತದೆ, ಏಕೆಂದರೆ ಹದಿನೈದು ಕಿಲೋ ಇಳಿದರೂ ಅವರ ಬಿಎಂಐ ಸಾಮಾನ್ಯಕ್ಕಿಂತ ಮೇಲೆಯೇ ಉಳಿದಿರಬಹುದು.

ಎರಡನೆಯದಾಗಿ, 'ಗೊತ್ತಿಲ್ಲ' ಎಂಬುದು ಸೊನ್ನೆಯಲ್ಲ. ಈ ತಪ್ಪು ಬಹಳ ಕಡೆ ಆಗುತ್ತದೆ. ತೂಕ ನೆನಪಿಲ್ಲದಿದ್ದರೆ ಏನು ನೋಡಬೇಕೆಂಬುದನ್ನು ಆ ನಮೂನೆಯ ವಿವರಣೆಯಲ್ಲೇ ಹೇಳಿದ್ದಾರೆ: ಬಟ್ಟೆ ಸಡಿಲವಾಗಿದೆಯೇ, ಆಭರಣ ಸಡಿಲವಾಗಿದೆಯೇ, ಹಸಿವು ಕಡಿಮೆಯಾಗಿದೆಯೇ, ನುಂಗಲು ತೊಂದರೆಯಿದೆಯೇ ಎಂದು. ನಿಮ್ಮ ರೋಗಿಯ ಉಂಗುರದ ದಾರವೇ ಅವರ ತೂಕದ ದಾಖಲೆಯಾಗಿತ್ತು. ಕೃತಕ ದಂತಪಂಕ್ತಿ ಅಲ್ಲಾಡುತ್ತಿದ್ದರೂ ಅದೇ ಅರ್ಥ, ಏಕೆಂದರೆ ಒಸಡು ಕುಗ್ಗಿದಾಗ ಅದು ಕೂರುವುದಿಲ್ಲ. ಮನೆಯವರಿಗೆ ಒಂದು ಫೋನ್ ಮಾಡಿ ಕೇಳುವುದನ್ನು ನಾನು ತಪಾಸಣೆಯ ಭಾಗವೆಂದೇ ಭಾವಿಸುತ್ತೇನೆ.

ಎದ್ದು ನಿಲ್ಲಲಾಗದವರ ಎತ್ತರವನ್ನು ಮುಂಗೈ ಮೂಳೆಯ ಉದ್ದದಿಂದ ಅಂದಾಜು ಮಾಡಬಹುದು. ಎಡಗೈಯನ್ನು ಎದೆಯ ಮೇಲೆ ಅಡ್ಡಲಾಗಿ, ಬೆರಳುಗಳು ಎದುರಿನ ಭುಜವನ್ನು ಮುಟ್ಟುವಂತೆ ಮಡಿಸಿ, ಮೊಣಕೈಯ ತುದಿಯಿಂದ ಮಣಿಕಟ್ಟಿನ ಉಬ್ಬುಮೂಳೆಯವರೆಗೆ ಅಳೆದು, ಕೋಷ್ಟಕದಲ್ಲಿ ನೋಡಿದರಾಯಿತು. ತೂಗಲು ಆಗದಿದ್ದರೆ ಎಡ ತೋಳಿನ ನಡುಭಾಗದ ಸುತ್ತಳತೆ ತೆಗೆದುಕೊಳ್ಳಿ, ಅದು 23.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಬಿಎಂಐ 20ಕ್ಕಿಂತ ಕಡಿಮೆ ಇರುವ ಸಂಭವ ಹೆಚ್ಚು. ಕಾಲು ಊದಿಕೊಂಡವರ ತೂಕವನ್ನು ನಂಬಬೇಡಿ, ನೀರಿನ ಭಾರವು ಕರಗಿದ ಮಾಂಸವನ್ನು ಮುಚ್ಚಿಡುತ್ತದೆ. ಅಂಥವರಲ್ಲಿ ತೋಳಿನ ಅಳತೆಯೇ ಹೆಚ್ಚು ನಿಜ ಹೇಳುತ್ತದೆ. ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ, ದೀರ್ಘಕಾಲದ ಆರೈಕೆಯ ಕೇಂದ್ರಗಳಲ್ಲಿ ತಿಂಗಳಿಗೊಮ್ಮೆಯಾದರೂ ತಪಾಸಣೆ ಮತ್ತೆ ನಡೆಯಬೇಕು, ಸಾಧ್ಯವಾದರೆ ಅದೇ ಯಂತ್ರದಲ್ಲಿ, ಅದೇ ಹೊತ್ತಿನಲ್ಲಿ.

ಇನ್ನು ತಟ್ಟೆಯ ವಿಷಯ. 1974ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಅವರು ಆಸ್ಪತ್ರೆಯೊಳಗೇ ರೋಗಿಗಳು ಹೇಗೆ ಸೊರಗುತ್ತಾರೆಂದು ಪಟ್ಟಿ ಮಾಡಿದ್ದರು: ಎತ್ತರ ಮತ್ತು ತೂಕ ಬರೆಯದಿರುವುದು, ಗ್ಲೂಕೋಸ್ ಮತ್ತು ಸಲೈನ್ ಮೇಲೆಯೇ ದಿನಗಟ್ಟಲೆ ಇಡುವುದು, ಪರೀಕ್ಷೆಗಳ ಹೆಸರಿನಲ್ಲಿ ಊಟ ತಪ್ಪಿಸುವುದು, ರೋಗಿ ಎಷ್ಟು ತಿಂದರೆಂದು ಗಮನಿಸದಿರುವುದು, ಹೊಣೆ ಹತ್ತು ಜನರ ನಡುವೆ ಹರಿದು ಹಂಚಿಹೋಗುವುದು. ಐವತ್ತು ವರ್ಷಗಳ ಬಳಿಕವೂ ಆ ಪಟ್ಟಿಯಲ್ಲಿ ನಮ್ಮ ವಾರ್ಡುಗಳು ಕಾಣುತ್ತವೆ ಎಂಬುದು ನನಗೆ ನೋವಿನ ಸಂಗತಿ. ಕೊನೆಯ ಕಾರಣವನ್ನೇ ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಔಷಧಿಯ ಚಾರ್ಟಿನಲ್ಲಿ ಪ್ರತಿ ಗುಳಿಗೆಗೂ ಒಬ್ಬರ ಸಹಿ ಇರುತ್ತದೆ, ಊಟಕ್ಕೆ ಮಾತ್ರ ಯಾರ ಸಹಿಯೂ ಇರುವುದಿಲ್ಲ.

ಆದ್ದರಿಂದ ನಮ್ಮಲ್ಲಿ ಎರಡು ಬದಲಾವಣೆ ಮಾಡಿದೆವು. 'ಆಹಾರ ಕೊಡಲಾಗಿದೆ' ಎಂಬ ವಾಕ್ಯವನ್ನು ದಾಖಲೆಯಿಂದ ತೆಗೆದುಹಾಕಿದೆವು. ಅದರ ಬದಲು ತಟ್ಟೆ ಹಿಂದಿರುಗುವಾಗ ಒಳಗೆ ಹೋದದ್ದು ಪೂರ್ತಿಯೋ, ಮುಕ್ಕಾಲೋ, ಅರ್ಧವೋ, ಕಾಲೋ, ಏನೂ ಇಲ್ಲವೋ ಎಂಬುದನ್ನು ನೋಡಿದವರೇ ಬರೆಯಬೇಕು, ತಟ್ಟೆ ಎತ್ತುವ ಸಹಾಯಕರು ನಮಗೆ ತೋರಿಸದೆ ಅದನ್ನು ಒಯ್ಯಬಾರದು. ಮೂರು ದಿನ ಹೀಗೆ ಬರೆದರೆ ಚಿತ್ರ ತಾನಾಗಿಯೇ ಸ್ಪಷ್ಟವಾಗುತ್ತದೆ. ಎರಡನೆಯದಾಗಿ, ಶಿಫ್ಟ್ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದು ಮಾತು ಹೇಳುತ್ತೇವೆ: ತಾವೇ ಉಣ್ಣುವವರು, ಅಣಿ ಮಾಡಿಕೊಟ್ಟರೆ ಉಣ್ಣುವವರು, ಕೈಯಾರೆ ಉಣಿಸಬೇಕಾದವರು. ಕೊನೆಯ ಗುಂಪಿನ ಪ್ರತಿಯೊಬ್ಬರ ಹೆಸರಿನ ಮುಂದೆ ಆ ಹೊತ್ತಿನ ಒಬ್ಬ ನರ್ಸ್ ಅಥವಾ ಸಹಾಯಕರ ಹೆಸರಿರುತ್ತದೆ.

ಹೀಗೆ ವಿಂಗಡಿಸಿದಾಗ ನಿಮ್ಮ ಎಂಟು ಹತ್ತು ಜನರಲ್ಲಿ ಅರ್ಧದಷ್ಟು ಮಂದಿ ನಡುವಿನ ಗುಂಪಿಗೆ ಸೇರುವವರೆಂದು ತಿಳಿಯುತ್ತದೆ ಎಂಬುದು ನನ್ನ ಅನುಭವ. ಅವರಿಗೆ ಬೇಕಾಗಿರುವುದು ಎರಡು ನಿಮಿಷ: ಎತ್ತರಿಸಿ ಕೂರಿಸುವುದು, ಕನ್ನಡಕ ಹಾಕುವುದು, ದಂತಪಂಕ್ತಿ ತೊಳೆದು ಕೂರಿಸುವುದು, ಮುಚ್ಚಳ ತೆಗೆದು ಕೈಗೆಟುಕುವಂತೆ ಮೇಜನ್ನು ಎಳೆದುಕೊಡುವುದು, ಚಮಚದ ಹಿಡಿ ದಪ್ಪಗಿರುವಂತೆ ಬಟ್ಟೆ ಸುತ್ತುವುದು. ಡ್ರಿಪ್ಪಿನ ಸೂಜಿಯನ್ನು ಊಟ ಮಾಡುವ ಕೈಗೆ ಹಾಕದಿರುವುದು ಕೂಡ ಪೋಷಣೆಯ ಆರೈಕೆಯೇ. ನೋವಿನ ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಿ. ಗಾಯದ ಡ್ರೆಸ್ಸಿಂಗ್ ಮತ್ತು ರಕ್ತದ ಮಾದರಿ ತೆಗೆಯುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಕೈಯಾರೆ ಉಣಿಸಬೇಕಾದವರ ತಟ್ಟೆಯನ್ನು ಎಲ್ಲರಿಗಿಂತ ಕೊನೆಯಲ್ಲಿ ತರಿಸಿ, ಆಗ ನೀವು ಬಂದು ಕೂರುವ ಹೊತ್ತಿಗೆ ಅದು ಬಿಸಿಯಾಗಿರುತ್ತದೆ. ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಇಂಥವರ ಆಹಾರವನ್ನು ಕೆಂಪು ತಟ್ಟೆಯಲ್ಲಿ ಕೊಡುತ್ತಾರೆ. ಬಣ್ಣ ಯಾವುದಾದರೂ ಇರಲಿ, ದೂರದಿಂದಲೇ ಗುರುತು ಸಿಗಬೇಕು.

ಉತ್ತರ 2: ಕ್ಲಿನಿಕಲ್ ಡಯಟೀಷಿಯನ್

ಕಿರಿಯ ವೈದ್ಯರು ಕೊಟ್ಟ ಎಚ್ಚರಿಕೆ ಸರಿಯಾದದ್ದು. ಹಸಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಹೋದಾಗ ಆಗುವ ತೊಂದರೆಯನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತೇವೆ. ಎರಡನೆಯ ಮಹಾಯುದ್ಧ ಮುಗಿದು ಬಿಡುಗಡೆಯಾದ, ಹಸಿದು ಕಂಗಾಲಾಗಿದ್ದ ಬಂದಿಗಳಿಗೆ ಊಟ ಸಿಕ್ಕಿದ ಮೇಲೆ ಕೆಲವರು ಹೃದಯ ವೈಫಲ್ಯಕ್ಕೆ ತುತ್ತಾದುದನ್ನು ಅಂದಿನ ವೈದ್ಯರು ದಾಖಲಿಸಿದ್ದಾರೆ. ಹಸಿವಿನಲ್ಲಿರುವ ದೇಹ ಕೊಬ್ಬನ್ನು ಸುಟ್ಟು ಬದುಕಿರುತ್ತದೆ ಮತ್ತು ಅದರ ಜೀವಕೋಶಗಳೊಳಗಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಸಂಗ್ರಹ ಬರಿದಾಗಿರುತ್ತದೆ, ಆದರೆ ರಕ್ತದ ವರದಿ ಸರಿಯಾಗಿಯೇ ಕಾಣಬಹುದು. ಸಕ್ಕರೆ, ಪಿಷ್ಟ ಒಳಗೆ ಹೋದೊಡನೆ ಇನ್ಸುಲಿನ್ ಏರುತ್ತದೆ, ಈ ಲವಣಗಳು ರಕ್ತದಿಂದ ಜೀವಕೋಶಗಳೊಳಗೆ ನುಗ್ಗುತ್ತವೆ, ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ. ಹೃದಯದ ಬಡಿತ ಏರುಪೇರಾಗುವುದು, ಉಸಿರಾಟದ ಸ್ನಾಯು ದಣಿಯುವುದು, ಕಾಲು ಊದಿಕೊಳ್ಳುವುದು, ಗೊಂದಲ ಉಂಟಾಗುವುದು ಇದರಿಂದಲೇ. ಸಾಮಾನ್ಯವಾಗಿ ಆಹಾರ ಆರಂಭಿಸಿದ ಮೊದಲ ಕೆಲವು ದಿನಗಳಲ್ಲೇ ಇದು ಕಾಣಿಸಿಕೊಳ್ಳುತ್ತದೆ.

ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2006ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬಿಎಂಐ 16ಕ್ಕಿಂತ ಕಡಿಮೆ ಇರುವುದು, ಮೂರರಿಂದ ಆರು ತಿಂಗಳಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ತೂಕ ಇಳಿದಿರುವುದು, ಹತ್ತು ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಏನೂ ಹೋಗದಿರುವುದು ಅಥವಾ ಅತ್ಯಲ್ಪ ಹೋಗಿರುವುದು, ಆಹಾರ ಕೊಡುವ ಮೊದಲೇ ಆ ಮೂರು ಲವಣಗಳ ಮಟ್ಟ ಇಳಿದಿರುವುದು, ಇವುಗಳಲ್ಲಿ ಒಂದೇ ಇದ್ದರೂ ಅಪಾಯ ಹೆಚ್ಚು. ಬಿಎಂಐ 18.5ಕ್ಕಿಂತ ಕಡಿಮೆ, ಶೇಕಡಾ 10ಕ್ಕಿಂತ ಹೆಚ್ಚಿನ ಇಳಿಕೆ, ಐದು ದಿನಕ್ಕಿಂತ ಹೆಚ್ಚಿನ ಉಪವಾಸದಂಥ ಸ್ಥಿತಿ, ಮದ್ಯಪಾನದ ಅಥವಾ ಇನ್ಸುಲಿನ್, ಕಿಮೋಥೆರಪಿ, ಆಂಟಾಸಿಡ್, ಮೂತ್ರವರ್ಧಕ ಔಷಧಿಗಳ ಹಿನ್ನೆಲೆ, ಇವುಗಳಲ್ಲಿ ಎರಡು ಇದ್ದರೂ ಹಾಗೆಯೇ. ನಿಮ್ಮ ರೋಗಿ 58ರಿಂದ 49.5ಕ್ಕೆ ಬಂದಿದ್ದಾರೆ, ಅಂದರೆ ಶೇಕಡಾ 14.7 ಇಳಿಕೆ, ಜೊತೆಗೆ ಒಂಬತ್ತು ದಿನ ತಟ್ಟೆ ಹಾಗೆಯೇ ಹಿಂದಿರುಗಿದೆ. ಎರಡನೆಯ ಪಟ್ಟಿಯ ಎರಡು ಅಂಶಗಳು ಇಲ್ಲಿಯೇ ಸಿಕ್ಕಿದವು.

ಇಂಥವರಿಗೆ ದಿನಕ್ಕೆ ಕಿಲೋ ತೂಕಕ್ಕೆ ಹೆಚ್ಚೆಂದರೆ 10 ಕಿಲೋಕ್ಯಾಲರಿಯಿಂದ ಆರಂಭಿಸಬೇಕೆಂದು ಆ ಮಾರ್ಗಸೂಚಿ ಹೇಳುತ್ತದೆ, ಅಂದರೆ ಇವರಿಗೆ ಸುಮಾರು 500. ನಾಲ್ಕರಿಂದ ಏಳು ದಿನಗಳಲ್ಲಿ ಹಂತಹಂತವಾಗಿ ಏರಿಸಿ ಪೂರ್ಣ ಅಗತ್ಯವನ್ನು ಮುಟ್ಟಬೇಕು. ವಯಸ್ಸಾದವರಿಗೆ ಸಾಮಾನ್ಯವಾಗಿ ಕಿಲೋಗೆ 30 ಕಿಲೋಕ್ಯಾಲರಿ ಎಂದಿಟ್ಟುಕೊಂಡರೆ ಇವರ ಗುರಿ ದಿನಕ್ಕೆ ಸುಮಾರು 1,500. ಪ್ರೋಟೀನ್ ಕಿಲೋಗೆ ಕನಿಷ್ಠ 1 ಗ್ರಾಂ, ಕಾಯಿಲೆಯ ಸಮಯದಲ್ಲಿ ಅದಕ್ಕಿಂತ ಹೆಚ್ಚು. ಆಹಾರ ಆರಂಭಿಸುವ ಮೊದಲೇ ಥಯಾಮಿನ್ (ವಿಟಮಿನ್ ಬಿ1) ಕೊಡಬೇಕು, ಫಾಸ್ಫೇಟ್ ಸೇರಿದಂತೆ ಲವಣಗಳನ್ನು ದಿನವೂ ಪರೀಕ್ಷಿಸಿ ಕೊರತೆ ತುಂಬಬೇಕು. ಈ ಆದೇಶ ವೈದ್ಯರದು, ಆದರೆ ನಾಡಿ ಮಿಡಿತ ಹೆಚ್ಚಾದದ್ದನ್ನು, ಪಾದ ಊದಿದ್ದನ್ನು, ನಿನ್ನೆ ಸರಿಯಾಗಿ ಮಾತಾಡಿದವರು ಇಂದು ತಡವರಿಸುವುದನ್ನು ಮೊದಲು ಕಾಣುವವರು ನೀವು. ಒಂದು ಮನವಿ: ರೀಫೀಡಿಂಗ್ ಭಯದಿಂದ ಯಾರೂ ಆಹಾರವನ್ನೇ ನಿಲ್ಲಿಸಬಾರದು, ನಿಧಾನವಾಗಿ ಕೊಡಬೇಕು ಎಂಬುದಷ್ಟೇ ಅದರ ಅರ್ಥ.

ಅಂಕ ಬಂದ ಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ ಎನ್ನುವವರಿಗೆ ನಾನು ಯಾವಾಗಲೂ ನೆನಪಿಸುವುದು 2019ರಲ್ಲಿ ಪ್ರಕಟವಾದ 'ಎಫರ್ಟ್' ಎಂಬ ಅಧ್ಯಯನವನ್ನು. ಸ್ವಿಟ್ಜರ್‌ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ, ಎನ್‌ಆರ್‌ಎಸ್ 2002 ಎಂಬ ಇನ್ನೊಂದು ತಪಾಸಣೆಯಲ್ಲಿ ಮೂರು ಅಥವಾ ಹೆಚ್ಚು ಅಂಕ ಬಂದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಸ್ಪತ್ರೆಯ ಮಾಮೂಲು ಆಹಾರ, ಇನ್ನೊಂದಕ್ಕೆ ಪ್ರತಿಯೊಬ್ಬರ ಅಗತ್ಯ ಲೆಕ್ಕಹಾಕಿದ ಪೋಷಣೆ ಕೊಟ್ಟರು. ಮೂವತ್ತು ದಿನಗಳಲ್ಲಿ ಮೊದಲ ಗುಂಪಿನಲ್ಲಿ ಶೇಕಡಾ 9.9 ಮಂದಿ ಮೃತಪಟ್ಟರೆ ಎರಡನೆಯದರಲ್ಲಿ ಶೇಕಡಾ 7.2. ಬಹುಪಾಲು ರೋಗಿಗಳಿಗೆ ಇದು ಬಾಯಿಯ ಮೂಲಕವೇ ನಡೆದದ್ದು ಎಂಬುದು ಗಮನಾರ್ಹ.

ಬೇಗ ಹೊಟ್ಟೆ ತುಂಬಿತೆನ್ನುವವರಿಗೆ ದೊಡ್ಡ ತಟ್ಟೆ ನೋಡಿದರೇ ಹಸಿವು ಹೋಗುತ್ತದೆ. ಅದೇ ಪ್ರಮಾಣದಲ್ಲಿ ಹೆಚ್ಚು ಕೊಬ್ಬು ಮತ್ತು ಪ್ರೋಟೀನ್ ಸೇರಿಸಿ, ಸಣ್ಣ ಸಣ್ಣದಾಗಿ ದಿನಕ್ಕೆ ಆರು ಸಲ ಕೊಡಿ. ಪೂರಕ ಪಾನೀಯವನ್ನು ಊಟದ ಬದಲು ಕೊಡದೆ ಎರಡು ಊಟಗಳ ನಡುವೆ ಕೊಡಿ ಮತ್ತು ಅದು ಮೇಜಿನ ಮೇಲೆ ಮುಚ್ಚಳ ಬಿಗಿದುಕೊಂಡೇ ಉಳಿಯದಂತೆ ನೋಡಿಕೊಳ್ಳಿ.

ಉತ್ತರ 3: ನುಂಗುವಿಕೆಯ ಚಿಕಿತ್ಸಕಿ

ಕೆಮ್ಮಿನ ಬಗ್ಗೆ ಮಾತ್ರ ಬರೆಯುತ್ತೇನೆ. ತುತ್ತು ಕೊಡುವಾಗ ಕೆಮ್ಮು ಬರುವವರನ್ನು ನಮ್ಮಂಥವರಿಗೆ ತೋರಿಸುವವರೆಗೆ ನಿಮ್ಮ ಅಂದಾಜಿನಲ್ಲಿ ಮುಂದುವರಿಸಬೇಡಿ. ಶ್ವಾಸಕೋಶದ ಸೋಂಕಿನಿಂದಲೇ ಬಂದವರೆಂದ ಮೇಲೆ, ಆ ಸೋಂಕು ಶ್ವಾಸನಾಳಕ್ಕೆ ಇಳಿದ ಆಹಾರದಿಂದಲೇ ಆದದ್ದಿರಬಹುದೇ ಎಂಬ ಪ್ರಶ್ನೆಯನ್ನೂ ವೈದ್ಯರ ಮುಂದೆ ಇಡಿ. ಕೆಮ್ಮಿಲ್ಲದಿದ್ದರೆ ಸುರಕ್ಷಿತ ಎಂದೂ ತಿಳಿಯಬಾರದು. ಗಂಟಲಿನ ಸಂವೇದನೆ ಕುಂದಿದವರಲ್ಲಿ ಆಹಾರ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನುಂಗಿದ ಮೇಲೆ ಧ್ವನಿ ನೀರು ತುಂಬಿದಂತೆ ಗೊರಗೊರ ಎನ್ನುವುದು, ಕಣ್ಣಲ್ಲಿ ನೀರು ಬರುವುದು, ಊಟದ ನಡುವೆ ಉಸಿರಾಟದ ವೇಗ ಹೆಚ್ಚುವುದು, ಸಂಜೆ ಹೊತ್ತಿಗೆ ಜ್ವರ ಏರುವುದು ಇವುಗಳನ್ನು ಗಮನಿಸಿ ಬರೆದಿಡಿ.

ಉಣಿಸಬಹುದೆಂದು ನಿರ್ಧಾರವಾದ ಮೇಲೆ ಕ್ರಮ ಹೀಗಿರಲಿ. ರೋಗಿ ಪೂರ್ತಿ ಎಚ್ಚರವಾಗಿರಬೇಕು, ತೂಕಡಿಸುತ್ತಿದ್ದರೆ ಆ ಹೊತ್ತಿನ ಊಟವನ್ನು ಮುಂದೂಡಿ. ಸಾಧ್ಯವಾದಷ್ಟು ನೇರವಾಗಿ ಕೂರಿಸಿ. ದಿಂಬಿಗೆ ಒರಗಿ ಜಾರಿದ ಭಂಗಿ ಕೂತಂತೆ ಕಂಡರೂ ಗಂಟಲು ಹಿಂದಕ್ಕೆ ಬಾಗಿರುತ್ತದೆ. ನೀವು ನಿಂತು ಉಣಿಸಿದರೆ ರೋಗಿ ಚಮಚ ನೋಡಲು ಗಲ್ಲ ಮೇಲೆತ್ತುತ್ತಾರೆ ಮತ್ತು ಶ್ವಾಸನಾಳ ತೆರೆದುಕೊಳ್ಳುತ್ತದೆ. ಅದಕ್ಕಾಗಿಯೇ ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ತುಸು ಕೆಳಕ್ಕೋ ಕೂರಬೇಕು. ಅರ್ಧ ಚಮಚ ಕೊಡಿ, ಗಂಟಲಿನ ಉಬ್ಬು ಮೇಲೆದ್ದು ಇಳಿಯುವುದನ್ನು ಕಣ್ಣಾರೆ ನೋಡಿ, ಬಾಯಿ ಖಾಲಿಯಾದದ್ದು ಖಚಿತವಾದ ಮೇಲಷ್ಟೇ ಮುಂದಿನದು. ಪಾರ್ಶ್ವವಾಯು ಆದವರಲ್ಲಿ ಶಕ್ತಿಯಿಲ್ಲದ ಬದಿಯ ಕೆನ್ನೆಯೊಳಗೆ ತುತ್ತು ಕೂತಿರುತ್ತದೆ, ಮುಗಿದ ಮೇಲೆ ಬೆಳಕು ಹಾಕಿ ನೋಡಿ. ನುಂಗುವಾಗ ಮಾತಾಡಿಸಬೇಡಿ, ಆದರೆ ತುತ್ತುಗಳ ನಡುವೆ ಮೌನವಾಗಿಯೂ ಇರಬೇಡಿ. ಮುಂದೆ ಏನು ಬರುತ್ತಿದೆಯೆಂದು ಹೇಳಿದರೆ ಬಾಯಿ ಸಿದ್ಧವಾಗುತ್ತದೆ. ಬೇರೆ ಬೇರೆ ಪದಾರ್ಥಗಳನ್ನೆಲ್ಲ ಕಲಸಿ ಒಂದೇ ಮುದ್ದೆ ಮಾಡುವುದನ್ನು ದಯವಿಟ್ಟು ಬಿಡಿ, ರುಚಿ ಗೊತ್ತಾಗದ ಊಟ ಯಾರಿಗೂ ಬೇಡವಾಗುತ್ತದೆ. ಮುಗಿದ ಬಳಿಕ ಅರ್ಧ ಗಂಟೆಯಾದರೂ ಕೂತೇ ಇರಲಿ.

ಬಾಯಿಯ ಸ್ವಚ್ಛತೆ ಊಟಕ್ಕೆ ಮೊದಲೂ ಬೇಕು, ನಂತರವೂ ಬೇಕು. ಒಣಗಿದ, ಕೊಳೆ ಕಟ್ಟಿದ ಬಾಯಿಯ ಜೊಲ್ಲು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯ ಆಗುತ್ತದೆ, ಏನೂ ತಿನ್ನದವರಿಗೂ ಇದು ಅನ್ವಯಿಸುತ್ತದೆ.

ದ್ರವವನ್ನು ಮಂದ ಮಾಡುವ ನಿರ್ಧಾರವನ್ನು ವಾರ್ಡಿನಲ್ಲೇ ತೆಗೆದುಕೊಳ್ಳಬೇಡಿ. ಮಂದ ಮಾಡಿದ ನೀರನ್ನು ಅನೇಕರು ಕುಡಿಯುವುದನ್ನೇ ಬಿಟ್ಟು ನಿರ್ಜಲೀಕರಣಕ್ಕೆ ಒಳಗಾಗುತ್ತಾರೆ. ಮಂದ ಮಾಡಬೇಕೆಂದು ಸೂಚನೆ ಬಂದರೆ ಮಟ್ಟದ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳಿ. ಆಹಾರ, ಪಾನೀಯ ಎಷ್ಟು ಮಂದವೆಂದು ಸಂಖ್ಯೆಯಲ್ಲಿ ಹೇಳುವ ಅಂತರರಾಷ್ಟ್ರೀಯ ಇಡ್ಸಿ ಮಾಪನದಲ್ಲಿ 0ರಿಂದ 7ರವರೆಗೆ ಎಂಟು ಮಟ್ಟಗಳಿದ್ದು, ಪಾನೀಯವನ್ನು ಸಾಮಾನ್ಯ ಸಿರಿಂಜಿನಲ್ಲೇ ಪರೀಕ್ಷಿಸಬಹುದು: ಸೂಜಿಯಿಲ್ಲದ 10 ಮಿಲಿಲೀಟರ್ ಸಿರಿಂಜಿನಲ್ಲಿ 10ರ ಗೆರೆಯವರೆಗೆ ತುಂಬಿ, ತುದಿಗೆ ಒತ್ತಿದ ಬೆರಳನ್ನು 10 ಸೆಕೆಂಡ್ ತೆಗೆದು ಮತ್ತೆ ಒತ್ತಿದಾಗ, ಉಳಿದದ್ದು 1ರಿಂದ 4 ಮಿಲಿಲೀಟರ್ ಆದರೆ ಮಟ್ಟ 1, 4ರಿಂದ 8 ಆದರೆ ಮಟ್ಟ 2, 8ಕ್ಕಿಂತ ಹೆಚ್ಚಾದರೆ ಮಟ್ಟ 3. 'ಸ್ವಲ್ಪ ಗಟ್ಟಿ' ಎಂಬ ಮಾತಿಗೆ ಮೂರು ಶಿಫ್ಟಿನಲ್ಲಿ ಮೂರು ಅರ್ಥ ಹುಟ್ಟುತ್ತದೆ, ಸಂಖ್ಯೆಗೆ ಹಾಗಾಗುವುದಿಲ್ಲ. ಗುಳಿಗೆಯನ್ನು ಪುಡಿಮಾಡಿ ಬೆರೆಸುವ ಮುನ್ನ ಫಾರ್ಮಸಿಸ್ಟರನ್ನು ಕೇಳಿ, ನಿಧಾನವಾಗಿ ಬಿಡುಗಡೆಯಾಗುವ ಔಷಧಿಗಳನ್ನು ಪುಡಿಮಾಡಿದರೆ ಪೂರ್ತಿ ಪ್ರಮಾಣ ಒಮ್ಮೆಲೇ ದೇಹ ಸೇರುತ್ತದೆ.

ಉತ್ತರ 4: ಮನೆಯಲ್ಲಿ ಆರೈಕೆ ಮಾಡಿದವರು

ನಾನು ನರ್ಸ್ ಅಲ್ಲ. ಮರೆವಿನ ಕಾಯಿಲೆಯಿದ್ದ ನನ್ನ ತಂದೆಗೆ ಮೂರು ವರ್ಷ ಉಣಿಸಿದ್ದೇನೆ. ಚಮಚವನ್ನು ಅವರ ಬಾಯಿಗೆ ತಂದಾಗಲೆಲ್ಲ ತುಟಿ ಬಿಗಿಯುತ್ತಿದ್ದರು. ಒಮ್ಮೆ ಒಬ್ಬ ನರ್ಸ್ ಚಮಚವನ್ನು ಅವರ ಕೈಯಲ್ಲೇ ಇಟ್ಟು, ತಮ್ಮ ಕೈಯನ್ನು ಕೆಳಗಿನಿಂದ ಆಸರೆಯಾಗಿ ಕೊಟ್ಟು ಮೆಲ್ಲಗೆ ಎತ್ತಿದರು. ತಂದೆ ತಾವಾಗಿಯೇ ಬಾಯಿ ತೆರೆದರು. ಅಷ್ಟು ದಿನ ಅವರು ಊಟವನ್ನು ಬೇಡವೆನ್ನುತ್ತಿರಲಿಲ್ಲ, ಎದುರಿನಿಂದ ಮುಖದತ್ತ ಬರುವ ಕೈಗೆ ಹೆದರುತ್ತಿದ್ದರು ಎಂದು ನನಗೆ ಆಗ ತಿಳಿಯಿತು. ಬಿಳಿ ತಟ್ಟೆಯ ಬದಲು ಗಾಢ ಬಣ್ಣದ ತಟ್ಟೆ ಇಟ್ಟಾಗ ಆಹಾರ ಕಣ್ಣಿಗೆ ಕಾಣುತ್ತದೆಂಬುದನ್ನೂ ಅವರೇ ಹೇಳಿಕೊಟ್ಟರು. ಮನೆಯವರು ಬಂದಾಗ ಇಂಥದ್ದನ್ನು ಹೇಳಿಕೊಡಿ, ನಾವು ಕೂತು ಉಣಿಸಲು ಸಿದ್ಧರಿರುತ್ತೇವೆ, ವಿಧಾನ ಗೊತ್ತಿರುವುದಿಲ್ಲ ಅಷ್ಟೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ನಾಲ್ಕು ದಿನಗಳಲ್ಲಿ ಆದ ಬದಲಾವಣೆಯನ್ನು ತಿಳಿಸುತ್ತೇನೆ. ನುಂಗುವಿಕೆಯ ಪರೀಕ್ಷೆಯಾಯಿತು, ಮಟ್ಟ 2ರ ದ್ರವ, ನುಣ್ಣಗಿನ ಆಹಾರ ಎಂದು ಬರೆದುಕೊಟ್ಟಿದ್ದಾರೆ. ಫಾಸ್ಫೇಟ್ ಎರಡನೆಯ ದಿನ ಇಳಿದಿತ್ತು, ತುಂಬಿದ್ದಾರೆ. ಡ್ರಿಪ್ಪನ್ನು ಎಡಗೈಗೆ ಬದಲಾಯಿಸಿದೆವು. ಮುಂಜಾನೆಯ ಊಟಕ್ಕೆ ನಾನು ಪಕ್ಕದಲ್ಲಿ ಕೂತು ಗಡಿಯಾರ ನೋಡಿದೆ, 22 ನಿಮಿಷ ಹಿಡಿಯಿತು, ಕೊನೆಯ ಐದಾರು ಚಮಚಗಳನ್ನು ಅವರೇ ಬಲಗೈಯಿಂದ ತೆಗೆದುಕೊಂಡರು. 'ಸಾಕಾಯಿತು' ಎನ್ನುವ ಮಾತು ಅಂದು ಅರ್ಧ ತಟ್ಟೆ ಮುಗಿದ ಮೇಲೆ ಬಂತು.

ಇನ್ನೊಂದು ಪ್ರಶ್ನೆ ಉಳಿದಿದೆ. ಪಕ್ಕದ ಹಾಸಿಗೆಯಲ್ಲಿ ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ತಲುಪಿದ ವೃದ್ಧರಿದ್ದಾರೆ. ಎರಡು ಮೂರು ಚಮಚಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಮೂಗಿನ ನಳಿಕೆ ಹಾಕಿಸಿಬಿಡಿ ಎಂದು ಮನೆಯವರು ಒತ್ತಾಯಿಸುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ 5: ವಾರ್ಡ್ ಉಸ್ತುವಾರಿ ನರ್ಸ್

ಆ ನಿರ್ಧಾರ ವೈದ್ಯರು ಮತ್ತು ಕುಟುಂಬದವರು ಕೂತು ತೆಗೆದುಕೊಳ್ಳಬೇಕಾದದ್ದು, ಆದರೆ ಅವರು ಮೊದಲು ಕೇಳುವುದು ನಿಮ್ಮನ್ನೇ ಆದ್ದರಿಂದ ವಿಷಯ ತಿಳಿದಿರಬೇಕು. ಪಾರ್ಶ್ವವಾಯುವಿನ ಬಳಿಕ ನುಂಗುವ ಶಕ್ತಿ ಮರಳುವ ನಿರೀಕ್ಷೆಯಿರುವವರಿಗೆ, ಅಥವಾ ತೀವ್ರ ಕಾಯಿಲೆಯ ನಡುವೆ ಕೆಲವು ವಾರ ದಾಟಬೇಕಾದವರಿಗೆ ನಳಿಕೆ ಜೀವ ಉಳಿಸುತ್ತದೆ, ಅಲ್ಲಿ ಹಿಂಜರಿಯಬಾರದು. ಕೊನೆಯ ಹಂತದ ಮರೆವಿನ ಕಾಯಿಲೆಯ ಸ್ಥಿತಿ ಬೇರೆ. ಅಂಥವರಲ್ಲಿ ನಳಿಕೆಯಿಂದ ಆಯಸ್ಸು ಹೆಚ್ಚುತ್ತದೆಂಬುದಕ್ಕಾಗಲಿ, ನ್ಯುಮೋನಿಯ ತಪ್ಪುತ್ತದೆಂಬುದಕ್ಕಾಗಲಿ ಆಧಾರವಿಲ್ಲ. ಅದನ್ನು ಕಿತ್ತುಕೊಳ್ಳದಂತೆ ಕೈ ಕಟ್ಟಬೇಕಾಗುವುದು, ಹಾಸಿಗೆ ಹುಣ್ಣು ಹೆಚ್ಚುವುದು ಇವು ಮಾತ್ರ ಕಂಡುಬಂದಿವೆ. ವೃದ್ಧರ ಚಿಕಿತ್ಸೆಗೆ ಸಂಬಂಧಿಸಿದ ಅಮೆರಿಕದ ಜೆರಿಯಾಟ್ರಿಕ್ಸ್ ಸೊಸೈಟಿ 2014ರಲ್ಲಿ ನಳಿಕೆಯ ಬದಲು ಎಚ್ಚರಿಕೆಯಿಂದ ಕೈಯಾರೆ ಉಣಿಸುವುದನ್ನೇ ಶಿಫಾರಸು ಮಾಡಿದೆ. ಮನೆಯವರ ಒತ್ತಾಯದ ಹಿಂದೆ ಇರುವುದು, ಹಸಿವಿನಿಂದ ನರಳುತ್ತಿದ್ದಾರೇನೋ ಎಂಬ ಸಂಕಟ. ಅದನ್ನು ತಳ್ಳಿಹಾಕದೆ, ಎರಡು ಚಮಚವನ್ನೇ ಅವರು ಬಯಸಿದಾಗ, ಅವರಿಗೆ ಪ್ರಿಯವಾದ ರುಚಿಯಲ್ಲಿ, ನೆಮ್ಮದಿಗಾಗಿ ಕೊಡಬಹುದೆಂದು ಹೇಳಿ. ತುಟಿ ಮತ್ತು ನಾಲಿಗೆಯನ್ನು ಗಂಟೆಗೊಮ್ಮೆ ತೇವಗೊಳಿಸುವುದನ್ನು ಮನೆಯವರ ಕೈಗೇ ಕೊಡಿ.

ಯಾರಿಗಾದರೂ ನಳಿಕೆ ಹಾಕಿದರೆ ಒಂದು ವಿಷಯದಲ್ಲಿ ರಾಜಿ ಬೇಡ. ಸಿರಿಂಜಿನಿಂದ ಗಾಳಿ ತಳ್ಳಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಪದ್ಧತಿಯನ್ನು ನಂಬಬೇಡಿ, ತುದಿ ಶ್ವಾಸಕೋಶದಲ್ಲಿದ್ದರೂ ಸದ್ದು ಕೇಳಿಸಬಹುದು. ನಳಿಕೆಯಿಂದ ಎಳೆದ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ) 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ದ್ರವ ಬಾರದಿದ್ದರೆ ಅಥವಾ ಅನುಮಾನವಿದ್ದರೆ ಎಕ್ಸ್‌ರೇ ಆಗುವವರೆಗೆ ಒಂದು ಹನಿಯೂ ಹೋಗಬಾರದು. ಹೊರಗೆ ಉಳಿದ ಉದ್ದವನ್ನು ಅಳೆದು ಬರೆದಿಡಿ, ಪ್ರತಿ ಸಲ ಕೊಡುವ ಮುನ್ನ ಹೋಲಿಸಿ. ಕೊಡುವಾಗ ತಲೆಬದಿ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ.

ನಿಮ್ಮ ರೋಗಿಯ 22 ನಿಮಿಷವನ್ನು ಕೇಸ್ ಶೀಟಿನಲ್ಲಿ ಬರೆದಿದ್ದೀರೇ? ಬರೆಯಿರಿ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಒಳಗೆ ಹೋಯಿತು, ಯಾವ ಕೈಯಿಂದ ಎಷ್ಟು ಚಮಚ ತಾವಾಗಿ ತೆಗೆದುಕೊಂಡರು ಎಂಬುದನ್ನು ರಾತ್ರಿ ಪಾಳಿಯವರು ಓದಿದರೆ ನಾಳೆ ಯಾರು ಕೂತರೂ ಅಲ್ಲಿಂದಲೇ ಮುಂದುವರಿಸಬಹುದು. ಜನಬಲ ಹೆಚ್ಚಿಸಿ ಎಂದು ಮೇಲಿನವರನ್ನು ಕೇಳಲು ಹೋಗುವ ದಿನ ಇಂಥ ಹತ್ತು ರೋಗಿಗಳ ನಿಮಿಷಗಳನ್ನು ಕೂಡಿಸಿದ ಹಾಳೆ ನಿಮ್ಮ ಕೈಯಲ್ಲಿರಲಿ.